ಎರಡನೇ ಸಲ ತಟ್ಟಿದಾಗ

ಯೋಗರಾಜ್ ಸರ್ ಮೇಲಿನ ಸಿಟ್ಟನ್ನು ವಿದ್ಯಾಶ್ರೀ ಇಷ್ಟು ವರ್ಷ ಆರದಂತೆ ಕಾಪಾಡಿಕೊಂಡು ಬಂದಿದ್ದಳು. ಅವರು ಜಿಲ್ಲಾ ವಾಲಿಬಾಲ್ ತಂಡದ ಕೋಚ್. ಶಿವಮೊಗ್ಗದ ಅವರ ಕ್ಲಬ್ಬಿನ ಗೋಡೆಯಲ್ಲಿ ಒಂದು ದೀಪದ ಹಲಗೆಯಿತ್ತು. ಬಲ್ಬು ಹತ್ತಿದ ಕೂಡಲೇ ತಟ್ಟಬೇಕು. ಕಣ್ಣು ಕಂಡದ್ದಕ್ಕೆ ಕೈ ಎಷ್ಟು ಬೇಗ ಓಗೊಟ್ಟಿತೆಂದು ಅದು ಅಂಕ ಕೊಡುತ್ತಿತ್ತು. ಭದ್ರಾವತಿಯಿಂದ ಬಸ್ಸಿಳಿದು ಬಂದ ವಿದ್ಯಾಶ್ರೀ ಅದನ್ನು ಮೊದಲು ಕಂಡದ್ದೇ ಆಯ್ಕೆಯ ದಿನ. ಕ್ಲಬ್ಬಿನ ಹುಡುಗಿಯರೋ, ದಿನಾ ಸಂಜೆ ಅದರ ಮುಂದೆ ಆಡಿ ಪಳಗಿದವರು. ಇವಳು ಫೇಲಾದಳು. ಇನ್ನೊಂದು ಅವಕಾಶಕ್ಕೆ ಅಂಗಲಾಚಿದರೆ, "ಮಿಷನ್ ಸುಳ್ಳು ಹೇಳಲ್ಲಮ್ಮ, ನಿನ್ನ ಕೈಯೇ ಮಂದ" ಎಂದು ಎಲ್ಲರೆದುರು ನಕ್ಕಿದ್ದರು. ಅಲ್ಲಿಗೆ ಅವಳ ಆಟ ಮುಗಿಯಿತು. ಆ ನಗುವನ್ನು ಅವಳು ಕ್ಷಮಿಸಲಿಲ್ಲ, ಯಾಕೆ ಕ್ಷಮಿಸಬೇಕು?

ಈಗವಳು ದೈಹಿಕ ಶಿಕ್ಷಣದ ಸಂಶೋಧಕಿ. ಇಂಥ ಪರೀಕ್ಷೆಗಳನ್ನು ಎಷ್ಟು ನಂಬಬಹುದು ಎನ್ನುವುದೇ ಅವಳು ಬೇಕೆಂದು ಆರಿಸಿಕೊಂಡ ವಿಷಯ. ಒಬ್ಬರನ್ನೇ ಮತ್ತೆ ಪರೀಕ್ಷಿಸಿದರೆ ಹೆಚ್ಚುಕಡಿಮೆ ಅದೇ ಅಂಕ ಬರಬೇಕು. ಬರದಿದ್ದರೆ ಆ ಅಂಕ ನಂಬಿ ಯಾರನ್ನೂ ಮನೆಗೆ ಕಳಿಸುವಂತಿಲ್ಲ.

ಭದ್ರಾವತಿ ಕಡೆಯವರ ದೂರಿನ ಮೇಲೆ, ಈ ವರ್ಷದ ಆಯ್ಕೆಗೆ ಮುಂಚೆ ಹಲಗೆಯನ್ನು ಪರಿಶೀಲಿಸಲು ಆಯ್ಕೆ ಸಮಿತಿ ಅವಳನ್ನೇ ಕರೆಸಿತು. ಯೋಗರಾಜ್‌ಗೆ ಅವಳ ಗುರುತು ಹತ್ತಲಿಲ್ಲ.

"ಮೊದಲು ನೀವೇ ತಟ್ಟಿ ತೋರಿಸಿ ಸರ್" ಎಂದಳು.

ಸೀಟಿ ಊದಿ ಗೊತ್ತೇ ಹೊರತು ಆ ಹಲಗೆಯನ್ನು ಅವರು ಎಂದೂ ಮುಟ್ಟಿದವರಲ್ಲ. ದೀಪ ಒಂದು ಕಡೆ, ಕೈ ಇನ್ನೊಂದು ಕಡೆ. ಹುಡುಗಿಯರಿಗೆ ತಾವೇ ಇಟ್ಟ ಗಡಿಯನ್ನೂ ಮುಟ್ಟಲಿಲ್ಲ. ವಿದ್ಯಾಶ್ರೀಯ ಹೊಟ್ಟೆ ತಣ್ಣಗಾಯಿತು. ಆದರೆ ಅವಳಿಗೆ ಅಷ್ಟು ಸಾಲದು.

"ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ನೋಡ್ತೀನಿ ಮಾರಾಯ್ತಿ."

"ನೋಡಿ ಸರ್. ಬೇಕಾದಷ್ಟು ಸಲ ನೋಡಿ."

ಎರಡನೇ ಸಲ ಸಲೀಸಾಗಿ ಪಾಸಾದರು. ಬೆವರು ಒರೆಸಿಕೊಂಡು, ಕೂತು ನೋಡುತ್ತಿದ್ದ ಸಮಿತಿಯ ಅಧ್ಯಕ್ಷೆ ವಿಮಲಮ್ಮನ ಕಡೆ ತಿರುಗಿ ಬೀಗಿದರು. "ನೋಡಿದ್ರಾ ಮೇಡಂ? ಮೊದಲ್ನೇ ಸಲ ಯಾರಿಗಾದ್ರೂ ಹಾಗೇ ಆಗೋದು. ಕೈ ಸ್ವಲ್ಪ ಪಳಗ್ಬೇಕು."

ವಿಮಲಮ್ಮ ನಗಲಿಲ್ಲ. "ಹಾಗಾದ್ರೆ ಭದ್ರಾವತಿ ಹುಡುಗೀರನ್ನ ಮೊದಲ್ನೇ ಸಲಕ್ಕೇ ಯಾಕೆ ವಾಪಸ್ ಕಳಿಸ್ತಿದ್ರಿ?"

ಯೋಗರಾಜ್ ಹಲಗೆಯ ಸ್ವಿಚ್ ಆರಿಸಲು ಹೋದರು.

"ಇನ್ಮೇಲೆ ಆಟ ನೋಡಿಯೇ ಆಯ್ಕೆ. ಆ ಹಲಗೆ ತೆಗೆಸಿ" ಎಂದು ವಿಮಲಮ್ಮ ಎದ್ದರು.

ವಿದ್ಯಾಶ್ರೀ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಯೋಗರಾಜ್ ಕೈಗಿಟ್ಟಳು. ಮನೆಯಿಂದಲೇ ತಂದಿದ್ದಳು.

"ಕೈ ಮಂದ ಅಂತ ಒಬ್ಬಳನ್ನ ಕಳಿಸಿದ್ರಲ್ಲ, ಅವಳೇ ನಾನು. ನಿಧಾನಕ್ಕೆ ಬಿಚ್ಚಿ ಸರ್, ನಾನು ನೋಡ್ತಾ ನಿಂತಿರ್ತೀನಿ."