ವಾದ್ಯ ನಿಲ್ಲುವ ಚರಣ

"ಕೊನೇ ಚರಣಕ್ಕೆ ಎಲ್ಲರೂ ವಾದ್ಯದ ಮೇಲಿಂದ ಕೈ ತೆಗೀರಿ," ಎನ್ನುತ್ತ ಮಗಳು ಕೀಬೋರ್ಡಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದಳು. "ಬರೀ ಜನರ ದನಿ. ಅಪ್ಪ ಮಾಡಿಸ್ತಿದ್ದ ಹಾಗೇ."

ಡ್ರಮ್ ಬಾರಿಸುವ ಚಿಕ್ಕಪ್ಪ ಕಣ್ಣೊರೆಸಿಕೊಂಡ. "ಅಲ್ಲಮ್ಮಾ, ಇವತ್ತು ಯಾರ ಗಂಟಲು ಏಳತ್ತೆ? ನಾವೂ ನಿಲ್ಲಿಸಿಬಿಟ್ರೆ ಹಾಡು ಅಲ್ಲೇ ಕೂತುಬಿಡತ್ತೆ."

"ಅಪ್ಪನ ಹಾಡು ಅಪ್ಪನ ಥರಾನೇ ಆಗ್ಬೇಕು ಚಿಕ್ಕಪ್ಪ. ಇದೊಂದನ್ನಾದ್ರೂ ಕೆಡಿಸೋದು ಬೇಡ."

ಎದುರಿಗೇ ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಣ್ಣನ ಕಡೆ ಒಮ್ಮೆ ನೋಡಿ, ಚಿಕ್ಕಪ್ಪ ಡ್ರಮ್ಮಿನ ಹಿಂದೆ ಹೋಗಿ ಕೂತ.

*

ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ ಅವಳ ಅಪ್ಪನಿಗೆ ಚರ್ಚಿನ ವಾದ್ಯಮೇಳವೆಂದರೆ ಪಂಚಪ್ರಾಣ. ಮೊದಲ ಚರಣಕ್ಕೆ ಕೀಬೋರ್ಡು ಒಂದೇ, ಆಮೇಲೆ ಗಿಟಾರು, ಡ್ರಮ್ಮು ಮೂರನೆಯದಕ್ಕೆ ಬಂದರೆ ಸಾಕು. ತಮ್ಮನೋ, ಡ್ರಮ್ಮಿನ ಕಡ್ಡಿ ಕೈಗೆ ಸಿಕ್ಕರೆ ಮೈಮರೆಯುವ ಆಸಾಮಿ. "ಎಲ್ಲಾ ಮೊದಲೇ ಸುರಿದುಬಿಟ್ರೆ ಆಮೇಲೆ ಏನಪ್ಪಾ ಕೊಡ್ತೀಯ ದೇವರಿಗೆ?" ಎಂದು ಅಣ್ಣ ರೇಗುತ್ತಿದ್ದ. ಮೇಳ ಏರಿ ಏರಿ ಇನ್ನೇನು ಸೂರು ಹಾರಿಹೋಗಬೇಕು ಎನ್ನುವಾಗ ಕೈ ಎತ್ತಿ ನಿಲ್ಲಿಸುವನು. ಆಗ ಉಳಿಯುವ ಜನರ ದನಿ ಕೇಳಿ ತಾನೇ ಅಳುವನು. ಆ ಚರಣದಲ್ಲಿ ವಾದ್ಯ ಮುಟ್ಟಿದವರಿಗೆ ಗ್ರಹಚಾರ ಕಾದಿರುತ್ತಿತ್ತು. ಮಗಳೆಂದು ಅವಳಿಗೂ ರಿಯಾಯಿತಿ ಇರಲಿಲ್ಲ.

*

ಎಲ್ಲವೂ ಅವನು ಹೇಳಿಕೊಟ್ಟಂತೆಯೇ ನಡೆಯಿತು. ಚಿಕ್ಕಪ್ಪ ಕೂಡ ತುಟಿ ಕಚ್ಚಿ ತನ್ನ ಸರದಿಗೆ ಕಾದ. ಹಾಡು ಏರಿತು. ಮಗಳು ಕೈ ಎತ್ತಿದಳು, ವಾದ್ಯಗಳು ನಿಂತವು.

ಯಾರೂ ಹಾಡಲಿಲ್ಲ. ಅಯ್ಯೋ, ಒಂದು ಸೊಲ್ಲೂ ಇಲ್ಲ! ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು. ಅಪ್ಪನ ಕೊನೆಯ ಹಾಡನ್ನು ಕೈಯಾರೆ ಕೆಡಿಸಿಬಿಟ್ಟೆನಲ್ಲ ಎಂದುಕೊಂಡಳು ಮಗಳು.

ಆಗ ಅಮ್ಮ ಶುರುಮಾಡಿದಳು. ಕೂತಲ್ಲೇ, ಪೆಟ್ಟಿಗೆಯ ಅಂಚು ಹಿಡಿದುಕೊಂಡು. ಶ್ರುತಿ ಎಲ್ಲೋ, ಅವಳೆಲ್ಲೋ. ಎರಡು ಸಾಲು ಒಬ್ಬಳೇ ಹಾಡಿದಳು. ಮೂರನೆಯದಕ್ಕೆ ದನಿ ನಡುಗತೊಡಗಿತು.

"ನುಡಿಸೇ," ಎಂದು ಚಿಕ್ಕಪ್ಪ ಹಿಂದಿನಿಂದ ಪಿಸುಗುಟ್ಟಿದ. "ಅಣ್ಣ ಬೈದ್ರೆ ನನ್ನ ಹೆಸರು ಹೇಳು."

ಮಗಳು ಒಂದೇ ಬೆರಳಿನಲ್ಲಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, ಅಮ್ಮನ ಶ್ರುತಿ ಹುಡುಕಿದಳು. ಒಂದು ಕೀ ತಪ್ಪಿತು, ಪಕ್ಕದ್ದೂ ತಪ್ಪಿತು. ಆಮೇಲೆ ಸಿಕ್ಕಿತು. ಅಮ್ಮ ತಲೆ ಎತ್ತದೆ ಮುಂದಿನ ಸಾಲಿಗೆ ಹೋದಳು.