ಎಂಜಿನ್ ಇಲ್ಲದ ವಿಮಾನ

ಮುಂದೆ ಎಳೆದೊಯ್ಯುತ್ತಿದ್ದ ಸಣ್ಣ ವಿಮಾನದ ಹಗ್ಗ ಕಳಚಿಕೊಂಡಾಗ ಝಾಹಿದ್ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದರು. ಆ ವಿಮಾನ ಎಡಕ್ಕೆ ಹೊರಳಿ ಹೊರಟೇಹೋಯಿತು. ಇನ್ನು ಗ್ಲೈಡರಿಗೆ ಗಾಳಿಯೇ ಗತಿ.

"ಎಂಜಿನ್ ಇಲ್ಲದ್ದನ್ನು ನಂಬಿ ಕೂತೆನಲ್ಲ!" ಎಂದರು, ಗಲ್ಫಿನ ರಾಸ್ ಅಲ್ ಖೋರ್‌ನಲ್ಲಿ ಎಂಜಿನ್ ಬಿಡಿಭಾಗ ಮಾರುತ್ತಲೇ ತಲೆ ನರೆಸಿಕೊಂಡವರು.

"ರಿಲ್ಯಾಕ್ಸ್ ಅಬ್ಬಾ," ಹಿಂದಿನ ಸೀಟಿನಲ್ಲಿ ಕೂತು ಗ್ಲೈಡರ್ ನಡೆಸುತ್ತಿದ್ದ ಮಗಳು ಹಮ್ನಾಳ ದನಿ.

ಹಮ್ನಾಳಿಗೆ ಭಟ್ಕಳದ ಸಂಬಂಧ ಬಹುತೇಕ ಕುದುರಿತ್ತು. ಹುಡುಗನ ಸೋದರಮಾವ ಉಸಾಮರದು ಒಂದೇ ಮಾತು: ಹುಡುಗಿ ಹಾರುವುದನ್ನು ಬಿಡಬೇಕು. ಬಿಡಿಸುತ್ತೇನೆಂದು ಝಾಹಿದ್ ಒಪ್ಪಿಯೂ ಆಗಿತ್ತು. ಹಮ್ನಾ ಜಗಳ ಮಾಡಲಿಲ್ಲ. "ಒಮ್ಮೆ ನನ್ನ ಜೊತೆ ಬನ್ನಿ, ಆಮೇಲೆ ಹೇಳಿ," ಎಂದಿದ್ದಳಷ್ಟೆ.

ಕೆಳಗೆ ಕೆಂಪು ಮರಳು. ದೂರ ದೂರಕ್ಕೊಂದು ಒಂಟೆ ಸಾಕುವ ಇಜ್ಬಾ: ತಂತಿಬೇಲಿ, ತಗಡಿನ ಮಾಡು, ನೀರಿನ ಟ್ಯಾಂಕು. ಮೊದಮೊದಲು ಬಿಸಿಗಾಳಿ ಅವರನ್ನು ಮೇಲೆತ್ತಿತು. ಆಮೇಲೆ ನೆಲ ಹತ್ತಿರವಾಗತೊಡಗಿತು.

"ಗಾಳಿ ಸತ್ತಿದೆ. ರನ್‌ವೇ ಮುಟ್ಟೂದಿಲ್ಲ. ಇಲ್ಲೇ ಇಳಿಸ್ತೇನೆ."

"ಇಲ್ಲಿ ಎಲ್ಲಿ ಮಾರಾಯ್ತಿ?"

"ಆ ಇಜ್ಬಾದ ಬದಿಗೆ ಗಟ್ಟಿ ನೆಲ ಉಂಟಲ್ಲ, ಅಲ್ಲಿ. ಬೆಲ್ಟ್ ಬಿಗಿ ಮಾಡಿ. ಮಾತಾಡ್ಬೇಡಿ."

ಮಗಳು ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು. ಝಾಹಿದ್ ಬೆಲ್ಟ್ ಬಿಗಿದುಕೊಂಡರು. ಅವರ ಮೊಣಕಾಲುಗಳ ನಡುವೆಯೂ ಇದ್ದ, ಗ್ಲೈಡರನ್ನು ತಿರುಗಿಸುವ ಕೋಲು ಹಿಂದೆ ಕೂತವಳ ಕೈಗೆ ತಕ್ಕಂತೆ ಅಲುಗುತ್ತಿತ್ತು. ಸ್ವಲ್ಪ ಎಡಕ್ಕೆ, ಸ್ವಲ್ಪ ಹಿಂದಕ್ಕೆ. ಒಮ್ಮೆಯೂ ನಡುಗಲಿಲ್ಲ. ಅವರ ಬಾಯಲ್ಲಿ ಕಲಿಮಾ. ತಂತಿಬೇಲಿ ಕಾಲಡಿಯಲ್ಲೇ ಸರಿದುಹೋಯಿತು. ಚಕ್ರ ನೆಲ ಮುಟ್ಟಿ ಪುಟಿಯಿತು, ಮತ್ತೆ ಮುಟ್ಟಿತು. ಧೂಳು ಅಡಗುವವರೆಗೂ ಇಬ್ಬರೂ ಕೂತೇ ಇದ್ದರು.

ಇಜ್ಬಾದ ಸುಡಾನಿ ಆಳು ನೀರಿನ ಬಾಟಲಿ ಹಿಡಿದು ಓಡಿಬಂದ. ಝಾಹಿದರೇ ಪೈಲಟ್ ಎಂದುಕೊಂಡು ಅವರ ಕೈ ಹಿಡಿದು ಕುಲುಕಿದ. ಝಾಹಿದ್ ಅಡ್ಡಡ್ಡ ತಲೆಯಾಡಿಸಿದರು. "ನಾನಲ್ಲ," ಎಂದರು ಅರಬಿಯಲ್ಲಿ, "ನನ್ನ ಮಗಳು." ಹೇಳಿದ ಮೇಲೆ ಇನ್ನೊಮ್ಮೆ ಹೇಳಿದರು.

ಹಮ್ನಾ ತನ್ನ ಗ್ಲೈಡರ್ ಕ್ಲಬ್ಬಿಗೆ ಫೋನ್ ಮಾಡಿ ತಾವಿರುವ ಜಾಗ ತಿಳಿಸುತ್ತಿದ್ದಳು. ಝಾಹಿದ್ ಸ್ವಲ್ಪ ದೂರ ನಡೆದು ತಮ್ಮ ಮೊಬೈಲು ತೆಗೆದರು.

"ಉಸಾಮ ಭಾಯಿ, ಅವಳು ಹಾರೂದು ಬಿಡೂದಿಲ್ಲ. ಒಪ್ಪಿಗೆ ಇದ್ರೆ ಮುಂದಿನ ಮಾತು, ಇಲ್ಲದಿದ್ರೆ ಖಲಾಸ್... ಅವಳು ಹೇಳಿಸಿದ್ದಲ್ಲ. ನಾನೇ ಹೇಳ್ತಿದ್ದೇನೆ."

ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಝಾಹಿದ್ ಕೇಳಿ, ಸಲಾಂ ಹೇಳಿ ಮೊಬೈಲು ಕಿಸೆಗಿಟ್ಟರು.

"ಅಬ್ಬಾ, ರೆಕ್ಕೆ ಹಿಡ್ಕೊಳ್ಳಿ!" ಹಮ್ನಾ ಕೂಗಿದಳು. ಗಾಳಿ ಎದ್ದು ಗ್ಲೈಡರ್ ಅಲುಗತೊಡಗಿತ್ತು. ಅವರು ಓಡಿಹೋಗಿ ರೆಕ್ಕೆಯ ತುದಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಮರಳಲ್ಲಿ ಕೂತರು. ಬೇಲಿಯಾಚೆಯಿಂದ ಒಂದು ಒಂಟೆ ಕತ್ತು ಚಾಚಿ ಬಿಳಿ ರೆಕ್ಕೆಯನ್ನು ಮೂಸಿತು. ಮೆಲುಕು ಹಾಕುತ್ತ ಅಲ್ಲೇ ನಿಂತಿತು.