ಅಳೆದು ತೂಗಿದ ಗಾಡಿ

ಶವವನ್ನು ಹೊರಗೆ ತರಬೇಕಾದರೆ ಮೊದಲು ಗಾಡಿಗಳನ್ನು ಸರಿಸಬೇಕಾಯಿತು. ಓಣಿಯ ಎರಡೂ ಬದಿಗೆ, ಮನೆಯ ಮೆಟ್ಟಿಲವರೆಗೂ ಸಣ್ಣ ಮೋಟಾರ್ ಸೈಕಲ್‌ಗಳು ಹ್ಯಾಂಡಲಿಗೆ ಹ್ಯಾಂಡಲು ತಗುಲಿಸಿಕೊಂಡು ನಿಂತಿದ್ದವು. ಶವದ ವ್ಯಾನು ಓಣಿಯ ಬಾಯಲ್ಲೇ ಸಿಕ್ಕಿಕೊಂಡಿತ್ತು. ಬಂದವರೆಲ್ಲ ಅಳು ನಿಲ್ಲಿಸಿ, ಜೇಬಿನಲ್ಲಿ ಕೀಲಿ ತಡಕಾಡಿ, ತಂತಮ್ಮ ಗಾಡಿಗಳನ್ನು ಹಿಂದಕ್ಕೆ ತಳ್ಳತೊಡಗಿದರು. ಜಂಬದ ಗಾಡಿ ಒಂದೂ ಇರಲಿಲ್ಲ. ಎಲ್ಲವೂ ದಿನಾ ಕೆಲಸಕ್ಕೆ ಹೋಗಿಬರುವ, ಕಡಿಮೆ ಕುಡಿದು ಹೆಚ್ಚು ಓಡುವ ಬಡಪಾಯಿಗಳು. ಮತ್ತು ಎಲ್ಲವೂ ಒಳಗೆ ಮಲಗಿದ್ದವರೇ ಆರಿಸಿಕೊಟ್ಟವು.

ಅವರು ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಮಾರುಕಟ್ಟೆಯ ಹಿಂದೆ, ಬಾಗಿಲಗಲದ ಅಂಗಡಿಯಲ್ಲಿ ಕೂತು ಊರಿನ ತಕ್ಕಡಿಗಳ ಮುಳ್ಳನ್ನು ನೆಟ್ಟಗೆ ಮಾಡುತ್ತಿದ್ದರು. ಕಸುಬಿನ ಗುಣವೋ ಏನೋ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡದೆ ಒಂದು ಪೊರಕೆಯನ್ನೂ ಕೊಂಡವರಲ್ಲ. ಜನರ ಬಾಯಲ್ಲಿ ಅವರು ತಕ್ಕಡಿ ಮಾಮ. ಗಾಡಿ ಕೊಳ್ಳುವವರು ಹೆಂಡತಿಯನ್ನು ಕೇಳುವ ಮೊದಲು ಅವರನ್ನು ಕೇಳುತ್ತಿದ್ದರು. ಮೈಲೇಜು ಎಷ್ಟು, ಸೀಟು ಎಷ್ಟು ಉದ್ದ, ಬಿಡಿಭಾಗ ಮೂಲೆ ಅಂಗಡಿಯಲ್ಲೂ ಸಿಗುತ್ತದೆಯೋ ಇಲ್ಲವೋ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದವರು ಮತ್ತೆ ತೆರೆಯಲಿಲ್ಲ.

ಹೊರಗೆ ಬೇಕರಿಯವನು ತನ್ನ ಗಾಡಿ ಸರಿಸುತ್ತಲೇ ಮಾಮನ ಕತೆ ಹೇಳುತ್ತಿದ್ದ. ಅವನಿಗೆ ಕೆಂಪು ಗಾಡಿಯ ಮೇಲೆ ಕಣ್ಣಿತ್ತಂತೆ, ಬ್ರೆಡ್ಡಿನ ಪೆಟ್ಟಿಗೆ ಹೊತ್ತು ಮನೆಮನೆಗೆ ನಿಲ್ಲುವವನಿಗೆ ಅಷ್ಟು ಓಟ ಯಾಕೆ ಎಂದು ಮಾಮ ಕಿವಿ ಹಿಂಡಿ ಈ ಕಪ್ಪನ್ನು ಕೊಡಿಸಿದರಂತೆ. ಓಡಿಸಿ ನೋಡಿ ಎಂದರೆ ಮಾತ್ರ ಬೇಡವೆಂದು ಕೈಯಾಡಿಸಿಬಿಡುತ್ತಿದ್ದರಂತೆ. ಎಂಜಿನ್ನು, ಸಂಗೀತ ಎರಡನ್ನೂ ದೂರದಲ್ಲಿ ನಿಂತು ಕೇಳಬೇಕು ಎನ್ನುವುದು ಅವರ ಮಾತು.

"ಊರಿಗೆಲ್ಲ ಗಾಡಿ ಕೊಡಿಸಿದ್ರು," ಎಂದ ಬೇಕರಿಯವನು. "ಪಾಪ, ತಮಗೆ ಅಂತ ಒಂದು ತಗೊಳ್ಳೋ ಯೋಗ ಇರ್ಲಿಲ್ಲ ನೋಡಿ. ಬಸ್ ಕಾಯೋದ್ರಲ್ಲೇ ಜನ್ಮ ಸವೆದುಹೋಯ್ತು."

ಕಿಟಕಿಯ ಒಳಗೆ, ಗಂಡನ ತಲೆಯ ಬಳಿ ಕೂತಿದ್ದ ಹೆಂಡತಿಗೆ ಆ ಮಾತು ನೆಟ್ಟಗೆ ಎದೆಗೆ ಬಂದು ನಾಟಿತು. ಯೋಗ ಇಲ್ಲದೆ ಏನಾಗಿತ್ತು? ಯೋಗ ಪ್ರತಿ ವರ್ಷ ಬಾಗಿಲು ತಟ್ಟುತ್ತಿತ್ತು. ಬಾಗಿಲು ಹಾಕಿದವಳು ತಾನು. ಮನುಷ್ಯ ಇಡೀ ಬದುಕಿನಲ್ಲಿ ಆಸೆಪಟ್ಟಿದ್ದು ಒಂದೇ ಒಂದು, ಅದನ್ನು ತಾನು ಕೈಗೆ ಸಿಗಗೊಡಲಿಲ್ಲ ಎಂದು ಅವಳು ರಾತ್ರಿಯಿಂದ ಒಳಗೊಳಗೇ ಬೇಯುತ್ತಿದ್ದಳು.

*

ಮದುವೆಯಾದ ಮರುವರ್ಷ ಅವರು ಎರಡು ಶೋರೂಮುಗಳ ಬಣ್ಣದ ಹಾಳೆ ತಂದು ನೆಲದ ಮೇಲೆ ಹರವಿದ್ದರು. ಇದರದ್ದು ಸೀಟು ಉದ್ದ, ಅದರದ್ದು ಎಂಜಿನ್ನು ತಣ್ಣಗೆ, ನಿನಗೆ ಯಾವುದು ಎಂದು ಕೇಳಿದ್ದರು. ಅವಳ ಬಾಯಿಗೆ ಬಂದ ಮಾತು ಯಾವುದೂ ಬೇಡ ಎಂದು. ಚಿಕ್ಕವಳಿದ್ದಾಗ ಅಣ್ಣನ ಹಿಂದೆ ಕೂತು ಹೋಗುತ್ತ ಜಲ್ಲಿಯ ಮೇಲೆ ಬಿದ್ದು ಮಂಡಿ ಸೀಳಿಸಿಕೊಂಡವಳು ಅವಳು. ಗಾಡಿಯ ಸದ್ದು ಹತ್ತಿರ ಬಂದರೆ ಇವತ್ತಿಗೂ ಆ ಹೊಲಿಗೆ ಜುಮ್ಮೆನ್ನುತ್ತದೆ. ಆದರೆ ಹಾಳೆಗಳ ಮೇಲೆ ಬಗ್ಗಿದ್ದ ಗಂಡನ ಮುಖ ನೋಡಿ, ಎರಡನ್ನೂ ಕಂಡೇ ಹೇಳುತ್ತೇನೆ ಎಂದುಬಿಟ್ಟಳು. ಇಷ್ಟು ಆಸೆಯಿಂದ ಕೇಳುವವರಿಗೆ ಹೇಗೆ ಬೇಡ ಎನ್ನುವುದು?

ಆ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಶೋರೂಮಿಗೆ ಹೋದರು. ಸ್ಟ್ಯಾಂಡು ಹಾಕಿ ನಿಲ್ಲಿಸಿದ್ದ ಗಾಡಿಯ ಹಿಂದಿನ ಸೀಟಿನಲ್ಲಿ ಅವಳು ಉಸಿರು ಬಿಗಿಹಿಡಿದು ಕೂತಳು, ಇಳಿದಳು, ಸೀಟು ಜಾರುತ್ತದೆ ಎಂದಳು. ಅವರು ಒಂದು ಮಾತೂ ಎದುರಾಡದೆ, ನೀನು ಹೇಳಿದ ಮೇಲೆ ಮುಗಿಯಿತು ಎಂದರು. ಬರುವಾಗ ಬಸ್ ಸ್ಟಾಪಿನ ಪಕ್ಕದಲ್ಲಿ ಚಹಾ ಕುಡಿದರು.

ಅಲ್ಲಿಂದ ಶುರುವಾಯಿತು. ಅವರು ಹೊಸ ಗಾಡಿ ಹುಡುಕುವುದು, ಅವಳು ಮೊಸರಿನಲ್ಲಿ ಕಲ್ಲು ಹುಡುಕುವುದು. ಒಂದರ ಕಾಲಿಡುವ ಕಡ್ಡಿ ಎತ್ತರವಾಯಿತು, ಒಂದರ ಟೈರು ಸಣಕಲಾಯಿತು, ಒಂದರ ಹಾರ್ನು ಮಗು ಅತ್ತಂತೆ ಕೇಳಿಸಿತು. ಕಿಕ್ ಹೊಡೆಯುವ ಗಾಡಿಗಳು ಹೋಗಿ ಗುಂಡಿ ಒತ್ತುವ ಗಾಡಿಗಳು ಬಂದವು. ಮಗಳು ಹುಟ್ಟಿದಳು, ಬೆಳೆದಳು, ಮನೆಮನೆಗೆ ಹೋಗಿ ರಕ್ತ ತೆಗೆಯುವ ಲ್ಯಾಬಿನ ಕೆಲಸ ಹಿಡಿದು, ಅಪ್ಪ ಆರಿಸಿದ ಗಾಡಿಯನ್ನೇ ಕೊಂಡಳು. ಇವರಿಬ್ಬರು ಮಾತ್ರ ಭಾನುವಾರ ಒಳ್ಳೆ ಬಟ್ಟೆ ಹಾಕಿಕೊಂಡು ಬಸ್ಸು ಹತ್ತಿ ಹೋಗಿ, ಗಾಡಿ ಬೇಡವೆಂದು, ಚಹಾ ಕುಡಿದು ಬರುತ್ತಿದ್ದರು. ಎಲ್ಲಿಯವರೆಗೆ ಮೀನಮೇಷ ಎಣಿಸುತ್ತೀರಿ ಎಂದು ನೆಂಟರು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಭಾನುವಾರಗಳು ಅವಳಿಗೆ ಬಹಳ ಇಷ್ಟವಾಗಿದ್ದವು.

ಕೊನೆಯ ಸಲ ಹೋದಾಗ ಕಷ್ಟಕ್ಕೆ ಬಂತು. ಆ ಗಾಡಿಯ ಸೀಟು ತಗ್ಗಾಗಿತ್ತು, ಅಗಲವಾಗಿತ್ತು, ಹಿಂದೆ ಹಿಡಿದುಕೊಳ್ಳಲು ಗಟ್ಟಿ ಹಿಡಿಕೆ ಇತ್ತು. ಈ ವಯಸ್ಸಿನ ಮಂಡಿಗೂ ಸರಿಹೋಗುತ್ತದೆ ಎಂದರು. ಎರಡು ಸುತ್ತು ಬಂದರೂ ಅವಳಿಗೆ ಒಂದು ಹುಳುಕು ಸಿಗಲಿಲ್ಲ. ಕೊನೆಗೆ, ಬಣ್ಣ ಚೆನ್ನಾಗಿಲ್ಲ ಎಂದುಬಿಟ್ಟಳು. ಅವರು ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, ಸರಿ, ಹೋಗೋಣ ನಡಿ ಎಂದರು. ಆ ನೋಟ ಅವಳ ಬೆನ್ನು ಬಿಟ್ಟಿರಲಿಲ್ಲ. ತನ್ನ ಕಳ್ಳತನ ಗೊತ್ತಾಯಿತೇನೋ, ನೊಂದುಕೊಂಡೇ ಹೋದರೇನೋ ಎಂದು ಈಗ ಕೇಳೋಣವೆಂದರೆ ಉತ್ತರ ಕೊಡುವವರೇ ಇಲ್ಲ.

*

ಚಿತಾಗಾರದ ಹೊರಗೆ ಸಿಮೆಂಟಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ ಮಗಳು ರಸೀದಿ ಬರೆಸಲು ಹೋದಳು. ಆಗ, ಭಾನುವಾರಗಳಲ್ಲಿ ಅವರಿಬ್ಬರಿಗೆ ಗಾಡಿ ತೋರಿಸುತ್ತಿದ್ದ ಶೋರೂಮಿನವರು ಬಂದರು. ಅವರ ತಲೆ ಅಲ್ಲೇ ಗಾಡಿಗಳ ನಡುವೆಯೇ ಬೆಳ್ಳಗಾದದ್ದನ್ನು ಇವಳು ಕಂಡಿದ್ದಳು.  ಬೆಂಚಿನ ತುದಿಯಲ್ಲಿ ಕೂತು ದನಿ ತಗ್ಗಿಸಿದರು.

"ಅಮ್ಮ, ಯಜಮಾನ್ರ ಮೇಲೆ ಮನಸ್ಸಲ್ಲಿ ಏನೂ ಇಟ್ಕೋಬೇಡಿ."

ಅವಳಿಗೆ ಅರ್ಥವಾಗಲಿಲ್ಲ. ತಾನಲ್ಲವೇ ತಪ್ಪಿತಸ್ಥಳು?

"ನಿಮಗೆ ಗಾಡಿ ಅಂದ್ರೆ ಬಹಳ ಆಸೆ ಇತ್ತಂತೆ. ಅವ್ರು ಕೊಡಿಸ್ಲಿಲ್ಲ. ಮನಸ್ಸಿಲ್ದೆ ಅಲ್ಲ. ಅವ್ರಿಗೆ ಭಯ."

"ಯಾರಿಗೆ?"

"ಅವ್ರಿಗೇ ಅಮ್ಮ."

ಹುಡುಗನಾಗಿದ್ದಾಗ ಸ್ನೇಹಿತನ ಗಾಡಿ ಕಲಿಯಲು ಹೋಗಿ ಸೀದಾ ಮರದ ಡಿಪೋದ ಗೋಡೆಗೆ ನುಗ್ಗಿಸಿದ್ದರಂತೆ. ಆವತ್ತಿನಿಂದ ಹ್ಯಾಂಡಲು ಹಿಡಿದರೆ ಕೈ ನಡುಗುತ್ತಿತ್ತಂತೆ. ಒಂದು ಸಲ ಓಡಿಸಿ ನೋಡಲು ಕೀಲಿ ಕೊಟ್ಟಾಗ ಅದು ಅವರ ಕೈಯಲ್ಲಿ ಗಿಲಗಿಲ ಅಂದದ್ದನ್ನು ಕಂಡು ಶೋರೂಮಿನವರು ಬಿಡದೆ ಕೇಳಿದ್ದರು. ಆಗ ಬಾಯಿಬಿಟ್ಟರಂತೆ, ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡು.

"ಅವಳ ಅಕ್ಕತಂಗೀರೆಲ್ಲ ಗಾಡಿ ಮೇಲೆ ಬರ್ತಾರೆ, ಇವಳೊಬ್ಳೇ ಬಸ್ಸು, ಅವಳ ಮುಖ ನೋಡಿ ಆಗಲ್ಲ ಅನ್ನೋಕೆ ನಾಲಿಗೆ ಏಳಲ್ಲ ಅನ್ನೋರು. ಅದಕ್ಕೇ ಹೋಲಿಸಿ ನೋಡ್ತಾ ಇರ್ತೀನಿ, ನೋಡೋಕೇನು ಭಯ ಅನ್ನೋರು."

ಅವಳು ಅವರತ್ತ ಪೂರ್ತಿ ತಿರುಗಿದಳು. "ನಾನು ಹುಳುಕು ತೆಗೆದಾಗ ಅವ್ರಿಗೆ ಬೇಜಾರಾಗ್ತಿರ್ಲಿಲ್ವಾ?"

"ಬೇಜಾರಾ? ನೀವು ಆ ಕಡೆ ತಿರುಗಿದ್ರೆ ಸಾಕು, ಹಣೆ ಒರೆಸ್ಕೊಂಡು ನೀರು ಕೇಳಿ ಕುಡಿಯೋರು. ಕೊನೇ ಸಲ ನೀವಿಬ್ರೂ ಬಂದುಹೋದ ಮಾರನೇ ದಿನವಂತೂ ಒಬ್ರೇ ಬಂದ್ರು. ಈ ಸಲ ಸಿಕ್ಕಿಬಿದ್ದೆ ಅಂದ್ಕೊಂಡಿದ್ದೆ, ಬಣ್ಣ ಕಾಪಾಡ್ತು ಮಾರಾಯ್ರೇ, ಅದು ಬೇರೆ ಬಣ್ಣದಲ್ಲೂ ಬರುತ್ತೆ ಅಂತ ಅವಳಿಗೆ ಹೇಳಿಬಿಟ್ಟೀರಿ ಮತ್ತೆ, ಅಂದ್ರು."

ಹೊಟ್ಟೆಯ ಆಳದಿಂದ ಎದ್ದ ನಗುವನ್ನು ತಡೆಯಲು ಅವಳು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕುತ್ತಿದ್ದವು. ಕಣ್ಣಲ್ಲಿ ನೀರೂ ಹರಿಯುತ್ತಿತ್ತು, ಯಾವುದು ಯಾವುದರದ್ದೆಂದು ಅವಳಿಗೇ ತಿಳಿಯಲಿಲ್ಲ. ಅಮ್ಮ ಕುಸಿದಳೆಂದು ಮಗಳು ಓಡಿಬಂದು ತಬ್ಬಿಕೊಂಡಳು. ಬೇಕರಿಯವನು ನೀರು ತಂದ. ಯಾರಿಗೆ ಏನು ಹೇಳುವುದು? ಎಂಥ ಜೋಡಿ, ಇಬ್ಬರೂ ಒಬ್ಬರಿಂದೊಬ್ಬರು ಹೆದರಿಕೆ ಮುಚ್ಚಿಟ್ಟು ಇಡೀ ಸಂಸಾರ ಮಾಡಿಬಿಟ್ಟಿದ್ದರು. ತಾನು ಅವರಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ರಾತ್ರಿಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಗಿ ಅವಳಿಗೆ ಮೈಯೆಲ್ಲ ಹಗುರಾಯಿತು. ಮೊದಲ ಸಲ ಗಂಡನಿಗಾಗಿ, ಬರೀ ಗಂಡನಿಗಾಗಿ, ಅಳು ಬಂತು. ಚೆನ್ನಾಗಿ ಅತ್ತಳು.

ಎಲ್ಲ ಮುಗಿಯುವಷ್ಟರಲ್ಲಿ ವ್ಯಾನು ಇನ್ನೊಂದು ಮನೆಯ ಕರೆಗೆ ಹೊರಟುಹೋಗಿತ್ತು. ಮಗಳು ಗಾಡಿ ತಂದು ಮುಂದೆ ನಿಲ್ಲಿಸಿ, ಹಿಂದಿನ ಸೀಟು ಒರೆಸಿದಳು.

"ಮೆಲ್ಲಗೆ ಕೂತ್ಕೋ ಅಮ್ಮ. ನಿಧಾನವಾಗಿ ಹೋಗೋಣ."

ಅಮ್ಮ ಸೀಟನ್ನು ನೋಡಿದಳು. ಅದರಲ್ಲಿ ಹುಳುಕು ಹುಡುಕುವ ಅಗತ್ಯ ಇನ್ನಿರಲಿಲ್ಲ.

"ನಂಗೆ ಗಾಡಿ ಅಂದ್ರೆ ಭಯ ಕಣೇ," ಎಂದಳು. "ನಾನು ನಡ್ಕೊಂಡು ಬರ್ತೀನಿ."

ಅಷ್ಟು ಹೇಳಿ ಗೇಟು ದಾಟಿ ರಸ್ತೆಗಿಳಿದಳು. ಮಗಳು ಏನು ಮಾಡಬೇಕೋ ತೋಚದೆ, ಗಾಡಿಯನ್ನು ಮೊದಲ ಗೇರಿಗೆ ಹಾಕಿ ಅಮ್ಮನ ಹಿಂದೆ ಬಿಟ್ಟಳು. ನಡೆಯುತ್ತಿರುವ ಹೆಂಗಸನ್ನು ಇವತ್ತು ದಾಟಿ ಹೋಗುವುದು ಹೇಗೆಂದು ಬೇಕರಿಯವನೂ ಹಿಂದೆಯೇ ಗಾಡಿ ನಿಧಾನಿಸಿದ. ಅವನ ಹಿಂದೆ ಉಳಿದವರು, ಅವರ ಹಿಂದೆ ಶೋರೂಮಿನವರು. ರಸ್ತೆಯ ಉದ್ದಕ್ಕೂ ಸಣ್ಣ ಗಾಡಿಗಳು ಗುರುಗುಡುತ್ತ, ಸವಾರರು ಎರಡೂ ಕಾಲನ್ನು ನೆಲಕ್ಕೆ ಊರಿ ಊರಿ ತಳ್ಳುತ್ತ, ಒಂದೂ ಮುಂದೆ ಹೋಗದೆ, ಕರವಸ್ತ್ರ ಹಿಡಿದ ಕೈ ಬೀಸಿಕೊಂಡು ನಡೆಯುತ್ತಿದ್ದ ಅವಳ ಹಿಂದೆ ಬರುತ್ತಿದ್ದವು.